ರೇಡಿಯೊ ಲೈಸೆನ್ಸಿನಿಂದ ಓಟಿಪಿವರೆಗೆ: ದಕ್ಷಿಣ ಬೆಂಗಳೂರಿನ ಒಂದು ತಲೆಮಾರಿನ ಕಥೆ

ನಮ್ಮ ತಲೆಮಾರಿನ ಹಳ್ಳಿಗರಲ್ಲಿ ಬಹಳ ಮಂದಿಗೆ ಎರಡು ಹುಟ್ಟಿದ ದಿನಗಳಿವೆ. ಒಂದು ಅವ್ವ ಹೇಳಿದ್ದು: "ರಾಗಿ ಕುಯ್ಲಿನ ಕಾಲ, ಸೋಮವಾರದ ರಾತ್ರಿ." ಇನ್ನೊಂದು ಶಾಲೆಗೆ ಸೇರಿಸುವಾಗ ಮೇಷ್ಟ್ರು ತಮಗೆ ತೋಚಿದಂತೆ ರಿಜಿಸ್ಟರಿನಲ್ಲಿ ಬರೆದದ್ದು. ಆಧಾರ್ ಕಾರ್ಡಿನಲ್ಲಿ ಈಗ ಇರುವುದು ಮೇಷ್ಟ್ರ ತಾರೀಖು. ನಮ್ಮ ಹಿಂದಿನವರಿಗಂತೂ ತಾರೀಖೇ ಇರಲಿಲ್ಲ. "ಪ್ಲೇಗು ಬಂದಾಗ ನಾನು ತೊಟ್ಟಿಲ ಕೂಸು", "ಗಾಂಧಿ ಹೋದ ವರ್ಷ ನನ್ನ ಮದುವೆ" ಎಂದು ಲೆಕ್ಕ ಹಾಕುತ್ತಿದ್ದರು. ಪ್ಲೇಗು ಬೆಂಗಳೂರಿಗೆ ಬಂದದ್ದು 1898ರಲ್ಲಿ, ಗಾಂಧೀಜಿ ತೀರಿಕೊಂಡದ್ದು 1948ರಲ್ಲಿ. ಇಷ್ಟು ಗೊತ್ತಿದ್ದರೆ ವಯಸ್ಸಿನ ಲೆಕ್ಕ ತಾನೇ ಸಿಗುತ್ತಿತ್ತು.

ಸಂಘದ ರಜತ ಮಹೋತ್ಸವದ ಸ್ಮರಣ ಸಂಚಿಕೆಗೆ "ಹಿಂದಿನ ಕಾಲದ ಬಗ್ಗೆ ಏನಾದರೂ ಬರೆದುಕೊಡಿ" ಎಂದು ಪದಾಧಿಕಾರಿಗಳು ಕೇಳಿದರು. "ಹಿಂದಿನ ಕಾಲ" ಎಂದರೆ ಯಾವುದಪ್ಪಾ ಎಂದು ಕೇಳಿದರೆ, "ಎಸ್‌ಟಿಡಿ ಬೂತ್ ಇತ್ತಲ್ಲ ಸಾರ್, ಆ ಕಾಲ" ಎಂಬ ಉತ್ತರ ಬಂತು! ನನ್ನ ಪಾಲಿಗೆ ಎಸ್‌ಟಿಡಿ ಬೂತು ಮೊನ್ನೆ ಮೊನ್ನೆಯ ವಿಷಯ. ಪ್ರಶ್ನೆ ಕೇಳಿದ ಹುಡುಗರಿಗೆ ಅದು ಇತಿಹಾಸ. ಎತ್ತಿನ ವಯಸ್ಸನ್ನು ಹಲ್ಲು ನೋಡಿ ಹೇಳುತ್ತಾರೆ. ಮನುಷ್ಯನ ವಯಸ್ಸನ್ನು ಅವನು ಯಾವುದನ್ನು "ಮೊನ್ನೆ" ಅನ್ನುತ್ತಾನೆ ಎಂಬುದನ್ನು ನೋಡಿ ಹೇಳಬಹುದು. ಪ್ಲೇಗು, ಬರ, ಯುದ್ಧಗಳಿಂದ ಹಿರಿಯರು ಕಾಲ ಎಣಿಸಿದರು. ನಮ್ಮ ತಲೆಮಾರಿನವರು ರೇಡಿಯೊ, ಟಾಕೀಸು, ಟಿವಿ, ಟೆಲಿಫೋನುಗಳಿಂದ ಎಣಿಸುತ್ತೇವೆ. ಹಾಗೆ ಎಣಿಸುತ್ತಾ ಹೋದರೆ ದಕ್ಷಿಣ ಬೆಂಗಳೂರಿನ ಒಂದು ಸಣ್ಣ ಚರಿತ್ರೆಯೇ ಆಗುತ್ತದೆ. ಅದನ್ನು ಇಲ್ಲಿ ಹೇಳಲು ಯತ್ನಿಸಿದ್ದೇನೆ.

ಊರು ಕರಗಿತು, ಹೆಸರು ನಿಂತಿತು

ಜಯನಗರಕ್ಕೆ ಶಂಕುಸ್ಥಾಪನೆಯಾದದ್ದು 1948ರ ಆಗಸ್ಟ್ 20ರಂದು. ಆಗ ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿಯವರೇ ಬಂದು ಕಲ್ಲು ಇಟ್ಟರು. ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಬಡಾವಣೆಗೆ ಇಟ್ಟರು. ಅಂದಿನ ಊರು ಲಾಲ್‌ಬಾಗು, ಬಸವನಗುಡಿಯ ಹತ್ತಿರಕ್ಕೇ ಮುಗಿಯುತ್ತಿತ್ತು. ಅದಕ್ಕೇ ಅಲ್ಲಿನ ವೃತ್ತಕ್ಕೆ "ಸೌತ್ ಎಂಡ್", ಅಂದರೆ ಊರಿನ ದಕ್ಷಿಣದ ಕೊನೆ ಎಂದು ಹೆಸರು. ಮುಂದೆ ಅದಕ್ಕೆ ತೀ.ನಂ.ಶ್ರೀ. ಅವರ ಹೆಸರನ್ನಿಟ್ಟರು, ಸಂತೋಷವೇ. ಆದರೂ ಜನರ ಬಾಯಲ್ಲಿ ಇವತ್ತಿಗೂ ಸೌತ್ ಎಂಡೇ. ಮೆಟ್ರೊ ನಿಲ್ದಾಣಕ್ಕೂ ಅದೇ ಹೆಸರು. ಊರು ಅಲ್ಲಿಂದ ಎಷ್ಟೋ ಮೈಲಿ ಮುಂದಕ್ಕೆ ಹೋಗಿದೆ, "ಕೊನೆ" ಮಾತ್ರ ನಡುವೆಯೇ ಕೂತಿದೆ.

1945ರಲ್ಲಿ ಸ್ಥಾಪನೆಯಾದ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ, ನಮ್ಮ ಬಾಯಲ್ಲಿ "ಸಿಐಟಿಬಿ", ಬಡಾವಣೆಗಳನ್ನು ಮಾಡಿತು. 1976ರಿಂದ ಅದರ ಜಾಗಕ್ಕೆ ಬಿಡಿಎ ಬಂತು. ಸರ್ವೆಯವರು ಬಂದು ಕಲ್ಲು ನೆಟ್ಟು ಹೋದರೆ ಮುಂದಿನ ಮಳೆಗಾಲದಲ್ಲಿ ಆ ಹೊಲದಲ್ಲಿ ರಾಗಿ ಬಿತ್ತುವ ಹಾಗಿಲ್ಲ ಎಂದು ಅರ್ಥ. ಸಾರಕ್ಕಿ, ಪುಟ್ಟೇನಹಳ್ಳಿ, ಜರಗನಹಳ್ಳಿ, ಕತ್ರಿಗುಪ್ಪೆ, ಯಡಿಯೂರು, ಬೈರಸಂದ್ರ, ಬಿಳೇಕಹಳ್ಳಿ, ಅರಕೆರೆ, ಇವೆಲ್ಲ ಒಂದು ಕಾಲದಲ್ಲಿ ತಮ್ಮದೇ ಕೆರೆ, ಗುಂಡುತೋಪು, ಗ್ರಾಮದೇವತೆ ಇದ್ದ ಹಳ್ಳಿಗಳು. ಇವತ್ತು ಬಸ್ಸಿನ ಬೋರ್ಡಿನಲ್ಲಿ ಹೆಸರಾಗಿವೆ.

ಬಿಟಿಎಂ ಲೇಔಟಿನಲ್ಲಿ ಹತ್ತು ವರ್ಷ ಬಾಡಿಗೆಗಿದ್ದ ಹುಡುಗರನ್ನು ಕೇಳಿ ನೋಡಿ, ಬಿಟಿಎಂ ಎಂದರೇನು ಎಂದು. ಯಾವುದೋ ಕಂಪನಿಯ ಹೆಸರು ಎಂದುಕೊಂಡವರೂ ಇದ್ದಾರೆ! ಬಿ ಅಂದರೆ ಬೈರಸಂದ್ರ, ಟಿ ಅಂದರೆ ತಾವರೆಕೆರೆ, ಎಂ ಅಂದರೆ ಮಡಿವಾಳ. ಮೂರು ಹಳ್ಳಿ ಮೂರು ಇಂಗ್ಲಿಷ್ ಅಕ್ಷರಗಳಾದವು. ಜೆ.ಪಿ. ನಗರ ಎಂದರೆ ಜಯಪ್ರಕಾಶ ನಾರಾಯಣರ ನಗರ. ಆ ಹೆಸರಿನ ಹಿಂದೆ 1975ರ ತುರ್ತುಪರಿಸ್ಥಿತಿ ಇದೆ, ಚಳವಳಿ ಇದೆ. ಅದನ್ನು ಕಂಡವರಿಗೆ "ಜೆ.ಪಿ." ಒಬ್ಬ ಮನುಷ್ಯ, ಕಾಣದವರಿಗೆ ಎರಡು ಅಕ್ಷರ. ಬನಶಂಕರಿಗೆ ಮಾತ್ರ ಆ ತೊಂದರೆ ಬರಲಿಲ್ಲ. 1915ರಲ್ಲಿ ಕಟ್ಟಿದ ದೇವಸ್ಥಾನ ಅಲ್ಲೇ ಇದೆ, ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚುವವರ ಸಾಲು ಕರಗಿಲ್ಲ.

ಜಯನಗರದ ರಾಗಿಗುಡ್ಡದ ಕಥೆ ನಮ್ಮ ಮನೆಗಳಲ್ಲಿ ಅಜ್ಜಿಯರು ಹೇಳುತ್ತಿದ್ದುದು. ಮನೆಗೆ ಬಂದ ದಾಸಯ್ಯನಿಗೆ ರಾಗಿ ಕೊಡಲು ಸೊಸೆ ಹೋದಳಂತೆ, ಅತ್ತೆ ತಡೆದಳಂತೆ, ಅಷ್ಟೂ ರಾಗಿಯ ರಾಶಿ ಕಲ್ಲಾಗಿ ಗುಡ್ಡವಾಯಿತಂತೆ. ಆ ಗುಡ್ಡದ ಮಗ್ಗುಲಲ್ಲೇ 2025ರ ಆಗಸ್ಟ್ 10ರಿಂದ ಹಳದಿ ಮಾರ್ಗದ ಮೆಟ್ರೊ ಓಡುತ್ತಿದೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರಿಗೂ ಹೆಚ್ಚು ಉದ್ದ, 16 ನಿಲ್ದಾಣ. ಡ್ರೈವರ್ ಇಲ್ಲದೆ ಓಡಲೆಂದೇ ತಯಾರಾದ ರೈಲು ಅದು. ನಿಲ್ದಾಣಕ್ಕೆ "ರಾಗಿಗುಡ್ಡ" ಎಂದೇ ಹೆಸರು. ರೈಲು ಹತ್ತಿದ ಮಗುವಿಗೆ ಆ ಹೆಸರು ಯಾಕೆ ಬಂತೆಂದು ಹೇಳಬೇಕಾದವರು ನಾವೇ. ಹೇಳದೆ ಹೋದರೆ ಅದೂ ಬಿಟಿಎಂನ ಹಾಗೆ ಬರೀ ಶಬ್ದವಾಗುತ್ತದೆ.

ಕಾಲ ಎಷ್ಟು ಬೇಗ ಓಡುತ್ತಿದೆ ಎನ್ನುವುದಕ್ಕೆ ಜಯದೇವ ಆಸ್ಪತ್ರೆಯ ಬಳಿಯ ಮೇಲ್ಸೇತುವೆ ಒಳ್ಳೆಯ ಉದಾಹರಣೆ. 2000ರ ದಶಕದಲ್ಲಿ ಕಟ್ಟಿದಾಗ "ಅಬ್ಬಾ, ಎಂಥಾ ಸೇತುವೆ" ಎಂದು ನೋಡಿದೆವು. ಮೆಟ್ರೊಗಾಗಿ 2020ರಲ್ಲಿ ಅದನ್ನು ಒಡೆದರು. 2024ರ ಜುಲೈನಲ್ಲಿ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ, ಕೆಳಗೆ ವಾಹನ ಮೇಲೆ ರೈಲು ಹೋಗುವ ಎರಡಂತಸ್ತಿನ ಸೇತುವೆ ಬಂತು. ಹಿಂದೆ ಮನುಷ್ಯ ಮುದುಕನಾಗುತ್ತಿದ್ದ, ಕಟ್ಟಡ ಹಾಗೇ ಇರುತ್ತಿತ್ತು. ಈಗ ನಾವಿನ್ನೂ ಗಟ್ಟಿಯಾಗಿದ್ದೇವೆ, ನಮ್ಮ ಕಣ್ಣೆದುರು ಹುಟ್ಟಿದ ಸೇತುವೆಯೇ ತೀರಿಕೊಂಡಿದೆ.

ಪಂಚಾಯ್ತಿ ಕಟ್ಟೆಯ ರೇಡಿಯೊ

"ಆಕಾಶವಾಣಿ" ಎಂಬ ಹೆಸರು ನಮ್ಮ ನಾಡಿನದು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರುಮಾಡಿದರು. ಆ ನಿಲಯದ ಹೆಸರನ್ನೇ ಮುಂದೆ ಇಡೀ ದೇಶದ ರೇಡಿಯೊ ತನ್ನದಾಗಿಸಿಕೊಂಡಿತು. ಬೆಂಗಳೂರು ನಿಲಯ ಆರಂಭವಾದದ್ದು 1955ರ ನವೆಂಬರಿನಲ್ಲಿ. ಆಗ ಹಳ್ಳಿಯಲ್ಲಿ ಒಂದೇ ರೇಡಿಯೊ, ಅದೂ ಪಂಚಾಯ್ತಿಯದು. ಸಂಜೆ ಕೃಷಿ ಕಾರ್ಯಕ್ರಮ, ವಾರ್ತೆ, ಆಮೇಲೆ ಹಾಡು. ಕೇಳುವವರು ಕಟ್ಟೆ ಮೇಲೆ, ಕಟ್ಟೆ ಕೆಳಗೆ, ಎತ್ತು ಬಿಚ್ಚಿ ಗಾಡಿ ಮೇಲೆ. ಒಬ್ಬ ಕೆಮ್ಮಿದರೆ ಹತ್ತು ಜನ "ಶ್" ಅನ್ನುತ್ತಿದ್ದರು.

ಸ್ವಂತ ರೇಡಿಯೊ ಕೊಂಡವರು ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಮಾಡಿಸಬೇಕಿತ್ತು. ವರ್ಷವರ್ಷ ಶುಲ್ಕ ಕಟ್ಟಿ ಪುಸ್ತಕದಲ್ಲಿ ಸ್ಟಾಂಪ್ ಅಂಟಿಸಿಕೊಳ್ಳಬೇಕು. 1980ರ ದಶಕದ ಮಧ್ಯದವರೆಗೂ ಈ ಪದ್ಧತಿ ಇತ್ತು. ಹಾಡು ಕೇಳುವುದಕ್ಕೆ ಲೈಸೆನ್ಸೇ? ಎಂದು ಈಗಿನ ಮಕ್ಕಳು ನಗುತ್ತಾರೆ. ಹೌದು ಕಣ್ರಪ್ಪಾ, ಬಂದೂಕಕ್ಕೂ ಲೈಸೆನ್ಸು, ರೇಡಿಯೊಕ್ಕೂ ಲೈಸೆನ್ಸು.

ಬಳಿಕ ಟ್ರಾನ್ಸಿಸ್ಟರ್ ಬಂತು, ಹೊಲಕ್ಕೂ ಹೋಯಿತು. ಬಳಿಕ ಟೇಪ್ ರೆಕಾರ್ಡರು. ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ "ನಿತ್ಯೋತ್ಸವ" ಕ್ಯಾಸೆಟ್ 1978ರಲ್ಲಿ ಬಂದಿತು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಎಂದು ಅದಕ್ಕೆ ಹೆಸರು. ಕ್ಯಾಸೆಟ್ಟಿನ ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದೆವು. ಇವತ್ತು ಪೆನ್ಸಿಲ್ಲನ್ನೂ ಕ್ಯಾಸೆಟ್ಟನ್ನೂ ಜೊತೆಗಿಟ್ಟು "ಇವೆರಡಕ್ಕೂ ಏನು ಸಂಬಂಧ?" ಎಂದು ಮೊಮ್ಮಕ್ಕಳನ್ನು ಕೇಳಿ. ಉತ್ತರ ಬಾರದಿದ್ದರೆ ತಿಳಿಯಿರಿ, ನಿಮಗೆ ವಯಸ್ಸಾಗಿದೆ!

2001ರ ಜುಲೈಯಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಶುರುವಾಯಿತು. ಆಕಾಶವಾಣಿಯ ಉದ್ಘೋಷಕರು ಒಂದೊಂದು ಮಾತನ್ನೂ ತೂಗಿ ಅಳೆದು ಆಡುವುದನ್ನು ಕೇಳಿ ಬೆಳೆದ ಕಿವಿಗೆ, ಎಫ್‌ಎಂನವರ ಬಿರುಸು ಮಾತು ಮೊದಮೊದಲು ಸಂತೆಯ ಗದ್ದಲದಂತೆ ಕೇಳಿತು. ಆದರೆ ಬೀದಿಬದಿಯ ತರಕಾರಿ ಅಂಗಡಿಯವರೂ ಆಟೋದವರೂ ಮತ್ತೆ ರೇಡಿಯೊ ಕೇಳುವ ಹಾಗೆ ಮಾಡಿದ್ದೂ ಅವರೇ. ಇದನ್ನು ಒಪ್ಪಬೇಕು.

ಟೆಂಟಿನಿಂದ ಮಾಲಿಗೆ

ಕನ್ನಡದ ಮೊದಲ ಮಾತಿನ ಚಿತ್ರ "ಸತಿ ಸುಲೋಚನ" 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯ ಟಾಕೀಸಿನಲ್ಲಿ ತೆರೆಕಂಡಿತು. ಹಳ್ಳಿಗಳಿಗೆ ಸಿನಿಮಾ ಬಂದದ್ದು ಟೆಂಟಿನ ರೂಪದಲ್ಲಿ. ಘಂಟಸಾಲರು ಹಾಡಿದ ವೆಂಕಟೇಶನ ಸ್ತುತಿ ಮೈಕಿನಲ್ಲಿ ಕೇಳಿತು ಎಂದರೆ ಟಿಕೆಟ್ ಕೊಡಲು ಶುರುವಾಯಿತು ಎಂದು ಅರ್ಥ. ಅಡುಗೆಮನೆಯಲ್ಲಿ ಮುದ್ದೆ ಕಟ್ಟುವ ಕೈ ಚುರುಕಾಗುತ್ತಿತ್ತು. ನೆಲಕ್ಕೆ ಒಂದು ದರ, ಬೆಂಚಿಗೆ ಒಂದು, ಕುರ್ಚಿಗೆ ಒಂದು. ಒಂದೇ ಪ್ರೊಜೆಕ್ಟರ್ ಆದ್ದರಿಂದ ರೀಲು ಬದಲಾಯಿಸುವಾಗಲೆಲ್ಲ ಕಡಲೆಕಾಯಿ ಮಾರುವವನಿಗೆ ವ್ಯಾಪಾರ. ಮಳೆ ಬಂದರೆ ದೇವರೇ ಗತಿ.

1972ರ "ಬಂಗಾರದ ಮನುಷ್ಯ" ನಮ್ಮಂಥ ಕೃಷಿಕರ ಊರುಗಳಲ್ಲಿ ಸಿನಿಮಾ ಆಗಿ ಉಳಿಯಲಿಲ್ಲ, ಮನೆಮಾತಾಯಿತು. ತ.ರಾ.ಸು. ಅಲ್ಲ, ಟಿ.ಕೆ. ರಾಮರಾವ್ ಅವರ ಕಾದಂಬರಿ ಅದು, ಸಿದ್ಧಲಿಂಗಯ್ಯನವರ ನಿರ್ದೇಶನ. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ (ಮುಂದೆ ಅದು ಭೂಮಿಕಾ ಆಯಿತು) ಎರಡು ವರ್ಷ ಓಡಿತು. ಬರಡು ನೆಲದಲ್ಲಿ ಬೆಳೆ ತೆಗೆಯುವ ರಾಜೀವಪ್ಪನನ್ನು ನೋಡಿ, ಪೇಟೆಯಲ್ಲಿ ಕೆಲಸ ಹುಡುಕುತ್ತಿದ್ದ ಓದಿದ ಹುಡುಗರು ಊರಿಗೆ ಮರಳಿ ನೇಗಿಲು ಹಿಡಿದರು ಎಂಬ ಮಾತು ಆಗ ಎಲ್ಲೆಲ್ಲೂ ಇತ್ತು. ಆ ಹೊಲಗಳಲ್ಲಿ ಎಷ್ಟೋ ಈಗ ಸೈಟುಗಳಾಗಿವೆ ಎಂಬುದು ಬೇರೆ ಮಾತು.

ದಕ್ಷಿಣ ಬೆಂಗಳೂರಿಗೂ ತನ್ನದೇ ಟಾಕೀಸುಗಳಿದ್ದವು. ಜಯನಗರದಲ್ಲಿ ನಂದಾ, ಸೌತ್ ಎಂಡಿನಲ್ಲಿ ಶಾಂತಿ, ತಿಲಕನಗರದ ಕಡೆ ಸ್ವಾಗತ್, 4ನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಪುಟ್ಟಣ್ಣ ಕಣಗಾಲರ ಹೆಸರಿನ ಚಿತ್ರಮಂದಿರ. ಸಂತೆಗೆ ಸೊಪ್ಪು ತರಕಾರಿ ತಂದವರು ಮಾರಿ ಮುಗಿಸಿ, ಬುಟ್ಟಿಯನ್ನು ಪರಿಚಯದ ಅಂಗಡಿಯಲ್ಲಿಟ್ಟು ಮ್ಯಾಟಿನಿ ನೋಡಿ ಊರಿಗೆ ಹೋದದ್ದೂ ಉಂಟು. ಇವುಗಳಲ್ಲಿ ಒಂದೂ ಈಗ ಹಾಗೆ ಉಳಿದಿಲ್ಲ. ಸ್ವಾಗತ್ ಇದ್ದ ಜಾಗದಲ್ಲಿ ಮಾಲ್ ಬಂತು. ನಂದಾ ಹೋಯಿತು, "ನಂದಾ ಟಾಕೀಸ್ ರಸ್ತೆ" ಉಳಿಯಿತು. ಅತ್ತ ಮಿನರ್ವ ಟಾಕೀಸ್ ಹೋಗಿ ಮಿನರ್ವ ಸರ್ಕಲ್ ಉಳಿದ ಹಾಗೆ. ಗಾಂಧಿನಗರದ ಕಪಾಲಿಯೂ 2017ರಲ್ಲಿ ಬಾಗಿಲು ಹಾಕಿತು. ಆಟೋದವರಿಗೆ "ನಂದಾ ಟಾಕೀಸ್ ಹತ್ರ ಬಿಡಪ್ಪ" ಎಂದರೆ ವಯಸ್ಸಾದ ಚಾಲಕರು ಸುಮ್ಮನೆ ಮೀಟರ್ ಹಾಕುತ್ತಾರೆ; ಎಳೆಯರು ಮೊಬೈಲಿನಲ್ಲಿ ಹುಡುಕುತ್ತಾರೆ.

ಆಟೋ ಎಂದಾಗ ಶಂಕರ್‌ನಾಗ್ ನೆನಪಾಗದೆ ಇರುತ್ತಾರೆಯೇ? "ಆಟೋ ರಾಜ" ಬಂದದ್ದು 1980ರಲ್ಲಿ. ಅವರು ರಸ್ತೆ ಅಪಘಾತದಲ್ಲಿ ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ರಂದು. ಅವರು ಹೋದ ಮೇಲೆ ಹುಟ್ಟಿದ ಚಾಲಕರ ಆಟೋ ಹಿಂದೆಯೂ ಅವರ ಚಿತ್ರ ಇದೆ, ಆಟೋ ನಿಲ್ದಾಣಗಳಿಗೆ ಅವರ ಹೆಸರಿದೆ. ಆ ಚಿತ್ರದಲ್ಲಿ ಅವರಿಗೆ ವಯಸ್ಸೇ ಆಗಿಲ್ಲ. ಅವರ ಸಿನಿಮಾವನ್ನು ಮೊದಲ ದಿನವೇ ನೋಡಿದ ನಮಗೆ ಮಾತ್ರ ಎಪ್ಪತ್ತು.

ಇದಕ್ಕಿಂತಲೂ ಆಳವಾಗಿ ನಾಟಿದ್ದು ಪುನೀತ್ ರಾಜ್‌ಕುಮಾರ್ ಅವರದು. 1976ರ "ಪ್ರೇಮದ ಕಾಣಿಕೆ"ಯಲ್ಲಿ ಆರು ತಿಂಗಳ ಕೂಸಾಗಿ ಅವರನ್ನು ತೆರೆಯ ಮೇಲೆ ಕಂಡೆವು. 1985ರ "ಬೆಟ್ಟದ ಹೂವು" ಚಿತ್ರಕ್ಕೆ ಆ ಹುಡುಗ ರಾಷ್ಟ್ರಪ್ರಶಸ್ತಿ ಪಡೆದಾಗ ನಮ್ಮ ಮನೆಯ ಮಗನಿಗೇ ಬಂದಂತೆ ಹಿಗ್ಗಿದೆವು. 2002ರ "ಅಪ್ಪು"ವಿನಲ್ಲಿ ಅವರು ನಾಯಕನಾದರು. ಆಗ ನಮ್ಮ ಮಕ್ಕಳು ಶಿಳ್ಳೆ ಹೊಡೆಯುವ ವಯಸ್ಸಿಗೆ ಬಂದಿದ್ದರು. 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ ಅವರು ಹೋದರು. ಅಂದು ಊರೂರಿನ ಕಟ್ಟೆಗಳಲ್ಲಿ ಹುಡುಗರೂ ಅತ್ತರು, ಮುದುಕರೂ ಅತ್ತರು. ಆದರೆ ಎರಡು ಅಳುವಿಗೂ ವ್ಯತ್ಯಾಸವಿತ್ತು. ಹುಡುಗರು ತಮ್ಮ ನಾಯಕನಿಗಾಗಿ ಅತ್ತರು. ನಾವು, ತೊಟ್ಟಿಲಲ್ಲಿ ಕಂಡ ಮಗು ನಮಗಿಂತ ಮೊದಲು ಹೋಯಿತಲ್ಲಾ ಎಂದು ಅತ್ತೆವು. ಕನ್ನಡಿ ಹೇಳದ ವಯಸ್ಸನ್ನು ಅಂದು ಆ ಸುದ್ದಿ ಹೇಳಿತು.

ಭಾನುವಾರದ ಬೆಳಗಿನ ಟಿವಿ

ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಮರುವರ್ಷ ದೇಶದಲ್ಲಿ ಬಣ್ಣದ ಟಿವಿ ಬಂತು. ಟಿವಿ ಇದ್ದ ಮನೆಯವರಿಗೆ ಆಗ ಚೇರ್ಮನ್ನರಿಗಿಂತ ಹೆಚ್ಚಿನ ಮರ್ಯಾದೆ! ಮಾಳಿಗೆ ಮೇಲೆ ಒಬ್ಬ ಆಂಟೆನಾ ತಿರುಗಿಸುವುದು, ಕೆಳಗಿನಿಂದ ಇನ್ನೊಬ್ಬ "ಬಂತು ಬಂತು... ಹೋಯ್ತು" ಎಂದು ಕೂಗುವುದು. 1987ರ ಜನವರಿ 25ರಿಂದ ಭಾನುವಾರ ಬೆಳಿಗ್ಗೆ "ರಾಮಾಯಣ" ಶುರುವಾಯಿತು. ಟಿವಿಗೆ ಹೂವು ಹಾಕಿ ಊದುಬತ್ತಿ ಹಚ್ಚಿದವರು ನಮ್ಮಲ್ಲೂ ಇದ್ದರು. ಆ ಹೊತ್ತಿನಲ್ಲಿ ಜಯನಗರದಂಥ ಜಯನಗರದ ರಸ್ತೆಯೂ ಖಾಲಿ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ "ಮಾಲ್ಗುಡಿ ಡೇಸ್" ನೋಡಿದಾಗ, ಹಿಂದಿ ಮಾತಾಡಿದರೂ ಇವರು ನಮ್ಮೂರವರೇ ಅನಿಸಿತು.

1994ರಲ್ಲಿ ಉದಯ ಟಿವಿ ಬಂತು. ಅದೇ ವರ್ಷ, ಮುಂದೆ "ಚಂದನ" ಎಂದು ಹೆಸರಾದ ದೂರದರ್ಶನದ ಕನ್ನಡ ವಾಹಿನಿಯೂ ಬಂತು. 1998ರಲ್ಲಿ ಟಿ.ಎನ್. ಸೀತಾರಾಂ ಅವರ "ಮಾಯಾಮೃಗ"ದ ಹೊತ್ತಿಗೆ ಹೆಂಗಸರು ಒಲೆ ಆರಿಸಿ ಬಂದು ಕೂರುತ್ತಿದ್ದರು. ಆಗ ಊರಿಗೆಲ್ಲ ಒಂದೇ ಕಥೆ. ಮರುದಿನ ನಲ್ಲಿ ಹತ್ತಿರ ಮಾತಾಡಲು ಎಲ್ಲರಿಗೂ ಒಂದೇ ವಿಷಯ. 2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಆದಾಗ ದೂರದರ್ಶನ ಮತ್ತೆ "ರಾಮಾಯಣ" ಹಾಕಿತು. ಅಜ್ಜಿ ಟಿವಿ ಮುಂದೆ ಕೈಮುಗಿದು ಕೂತರೆ, ಮಗ ಲ್ಯಾಪ್‌ಟಾಪಿನಲ್ಲಿ ಆಫೀಸು, ಮೊಮ್ಮಗಳು ಮೊಬೈಲಿನಲ್ಲಿ ಸ್ಕೂಲು. ಒಂದೇ ಮನೆ, ಮೂರು ತೆರೆ. ಹಿಂದೆ ಒಂದು ತೆರೆಗೆ ಮೂರು ಮನೆಯವರು ಸೇರುತ್ತಿದ್ದರು.

ಗಡಿಯಾರ, ತಂತಿ, ಟೆಲಿಫೋನು

ನಮ್ಮ ಕಾಲದಲ್ಲಿ ಎಸ್‌ಎಸ್‌ಎಲ್‌ಸಿ ಪಾಸಾದರೆ, ಮದುವೆಯಾದರೆ, ನಿವೃತ್ತರಾದರೆ ಎಚ್‌ಎಂಟಿ ವಾಚು. ಆ ಕಾರ್ಖಾನೆ 1961ರಲ್ಲಿ ಬೆಂಗಳೂರಿನಲ್ಲೇ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಆರಂಭವಾಯಿತು. ದಿನಾ ಬೆಳಿಗ್ಗೆ ಕೀ ಕೊಡಬೇಕು. ಕೊಡದಿದ್ದರೆ ಕಾಲ ನಿಲ್ಲುತ್ತಿತ್ತು. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿಯನ್ನೇ ಮುಚ್ಚಲು ಸರ್ಕಾರ ತೀರ್ಮಾನಿಸಿತು. ಈಗ ಯಾರೂ ಕೀ ಕೊಡುವುದಿಲ್ಲ, ಕಾಲವೂ ನಿಲ್ಲುವುದಿಲ್ಲ.

ದೇಶಕ್ಕೆ ಟೆಲಿಫೋನ್ ಮಾಡಿಕೊಟ್ಟ ಐಟಿಐ ಕಾರ್ಖಾನೆ 1948ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದರೂ, ನಮ್ಮ ಊರುಗಳಿಗೆ ಟೆಲಿಫೋನು ಬರಲು ದಶಕಗಳೇ ಬೇಕಾದವು. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ತಂತಿ ಬಂತು ಎಂದರೆ ಒಡೆಯುವ ಮೊದಲೇ ಮನೆಯ ಹೆಂಗಸರು ಅಳುತ್ತಿದ್ದರು. ಆ ತಂತಿ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು. 1980ರ ದಶಕದ ಕೊನೆಯಿಂದ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದವು. ರಾತ್ರಿ ದರ ಇಳಿದ ಮೇಲೆ ಸಾಲು. ಮೀಟರಿನ ಕೆಂಪು ಅಂಕಿ ನೋಡುತ್ತಲೇ ಮಾತು. ಅಂಗವಿಕಲರಿಗೆ, ವಿಧವೆಯರಿಗೆ ಆ ಬೂತುಗಳು ಅನ್ನ ಕೊಟ್ಟವು ಎಂಬುದನ್ನು ಮರೆಯಬಾರದು. ದೇಶದಲ್ಲಿ ಮೊಬೈಲ್ ಬಂದದ್ದು 1995ರಲ್ಲಿ. ಮೊದಮೊದಲು ಬಂದ ಕರೆಗೂ ನಾವೇ ದುಡ್ಡು ಕೊಡಬೇಕಿತ್ತು. 2003ರಿಂದ ಆ ಕಾಟ ತಪ್ಪಿತು. ಮೊಬೈಲ್ ಅಗ್ಗವಾಯಿತು, ಬೂತುಗಳು ಜೆರಾಕ್ಸ್ ಅಂಗಡಿಯಾದವು.

ಮಾತಿನಲ್ಲೂ ವಯಸ್ಸು ಕಾಣುತ್ತದೆ. ಬಿಟಿಎಸ್ ಹೋಗಿ ಬಿಎಂಟಿಸಿ ಬಂದದ್ದು 1997ರಲ್ಲಿ. ಈಗಲೂ "ಬಿಟಿಎಸ್ ಬಸ್ಸು" ಅನ್ನುವವರು ಐವತ್ತು ದಾಟಿದವರು. ಫೋನನ್ನು "ತಿರುಗಿಸು" ಅನ್ನುವವರು ಅರವತ್ತು ದಾಟಿದವರು.

ಹೆಬ್ಬೆಟ್ಟು ಹೋಗಿ ಹೆಬ್ಬೆಟ್ಟೇ ಬಂತು

ಇಷ್ಟೂ ಹೇಳಿದ್ದು ಹಳೆಯದನ್ನು ನೆನೆದು ನಿಟ್ಟುಸಿರು ಬಿಡುವುದಕ್ಕಲ್ಲ. ಈಗ ಸಂಘಕ್ಕೆ ಸಂಬಂಧಿಸಿದ ಮಾತಿಗೆ ಬರುತ್ತೇನೆ.

1905 ಎಂಬ ವರ್ಷ ನಮಗೆ ಎರಡು ದೀಪ ಕೊಟ್ಟಿತು. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪ ಬೆಳಗಿದ್ದು ಆ ವರ್ಷ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದ್ದೂ ಅದೇ ವರ್ಷ. ನಮ್ಮ ಕಡೆಯ ದ್ರಾಕ್ಷಿ ಬೆಳೆಗಾರರು 1959ರಲ್ಲಿ ಕಟ್ಟಿಕೊಂಡ ಸಹಕಾರ ಸಂಘವೇ ಬೆಳೆದು, ಇವತ್ತು ಜಯನಗರದ ಮೂಲೆಮೂಲೆಯಲ್ಲಿ ಮಳಿಗೆ ಇರುವ ಹಾಪ್‌ಕಾಮ್ಸ್ ಆಗಿದೆ. ಹೊಸ ಯಂತ್ರ ಬಂದಾಗ ಒಬ್ಬೊಬ್ಬರೇ ಅಂಜುತ್ತಾರೆ, ಸೇರಿದರೆ ಅಂಜಿಕೆ ಹೋಗುತ್ತದೆ ಎಂಬುದೇ ಸಹಕಾರದ ಪಾಠ.

ನಮ್ಮ ಸಂಘ ಕಣ್ಣುಬಿಡುತ್ತಿದ್ದ ದಿನಗಳಲ್ಲೇ ರಾಜ್ಯದಲ್ಲಿ "ಭೂಮಿ" ಯೋಜನೆ ಬಂತು. ಸುಮಾರು 67 ಲಕ್ಷ ರೈತರ ಹತ್ತಿರಹತ್ತಿರ ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಕೈಬರಹದ ಪಹಣಿಯ ಕಾಲ ಮುಗಿಯಿತು. 2016ರಲ್ಲಿ ಯುಪಿಐ ಬಂತು. ಈಗ ಸೊಪ್ಪು ಮಾರುವ ಅಜ್ಜಿಯ ಬುಟ್ಟಿಗೂ ಕ್ಯೂಆರ್ ಕೋಡ್ ಅಂಟಿದೆ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಿಸಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇವೆಲ್ಲ ಒಳ್ಳೆಯದೇ. ಪಹಣಿಗಾಗಿ ಶ್ಯಾನುಭೋಗರ ಮನೆ ಬಾಗಿಲು ಕಾದವರಿಗೆ ಅದರ ಬೆಲೆ ಗೊತ್ತು.

ಆದರೆ ಒಂದು ವಿಚಿತ್ರ ನೋಡಿ. 1988ರಲ್ಲಿ ಸಾಕ್ಷರತಾ ಮಿಷನ್ ಶುರುವಾಗಿ ಊರೂರಲ್ಲಿ ರಾತ್ರಿ ಶಾಲೆ ನಡೆದವು. "ಹೆಬ್ಬೆಟ್ಟು ಬಿಡಿ, ಸಹಿ ಮಾಡಿ" ಎಂದು ನಮ್ಮ ತಾಯಂದಿರಿಗೆ ಕಲಿಸಿದೆವು. ಐವತ್ತು ವರ್ಷದ ಹೆಂಗಸು ಮೊದಲ ಸಲ ತನ್ನ ಹೆಸರು ಬರೆದು ಅದನ್ನೇ ನೋಡುತ್ತಾ ಕೂತದ್ದನ್ನು ಕಂಡವರು ನಾವು. ಈಗ ರೇಷನ್ನಿಗೆ, ಪಿಂಚಣಿಗೆ, ಜೀವಂತ ಇದ್ದೇವೆ ಎಂದು ತೋರಿಸುವುದಕ್ಕೆ, ಓದಿದವರೂ ಓದದವರೂ ಮತ್ತೆ ಹೆಬ್ಬೆಟ್ಟು ಒತ್ತಬೇಕು. ಕಳೆ ಕಿತ್ತು, ಕುಡುಗೋಲು ಹಿಡಿದು, ಪಾತ್ರೆ ತಿಕ್ಕಿ ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ದುಡಿಮೆ ಹೆಚ್ಚಿದ್ದವರಿಗೇ ತೊಂದರೆ ಹೆಚ್ಚು. ಕಷ್ಟಪಟ್ಟು ಕಲಿತ ಆ ಸಹಿಯನ್ನು ಯಾರೂ ಕೇಳುವುದಿಲ್ಲ.

ಇನ್ನೊಂದು. ಹಿಂದೆ ಊರಿಗೆ ಕಾಗದ ಬಂದರೆ ಓದಲು ಬಂದವರ ಮನೆಗೆ ತರುತ್ತಿದ್ದರು. ಮಗಳ ಕಷ್ಟ, ಸಾಲದ ನೋಟೀಸು, ಕೋರ್ಟಿನ ಸಮನ್ಸು, ಎಲ್ಲವನ್ನೂ ಓದಿ ಹೇಳಿ, ಉತ್ತರ ಬರೆದುಕೊಟ್ಟು, ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡವರು ಊರೂರಲ್ಲಿ ಇದ್ದರು. ಅದಕ್ಕೆ ಫೀಜು ಇರಲಿಲ್ಲ. ಅಂದು ಹಾಗೆ ಕಾಗದ ಓದಿದವರೇ ಇಂದು ಓಟಿಪಿ ಬಂದಾಗ ಕಣ್ಣು ಕಿರಿದು ಮಾಡಿಕೊಂಡು "ಇದೇನಂತ ನೋಡು ಮಗಾ" ಎಂದು ಮೊಮ್ಮಕ್ಕಳ ಮುಂದೆ ಫೋನು ಹಿಡಿಯುತ್ತಿದ್ದಾರೆ. ಮನೆಯಲ್ಲಿ ಮೊಮ್ಮಕ್ಕಳಿಲ್ಲದವರು ಯಾರ ಮುಂದೆ ಹಿಡಿಯಬೇಕು? ಬೆಂಗಳೂರಿನಲ್ಲಿ ಮಕ್ಕಳು ಅಮೆರಿಕದಲ್ಲಿದ್ದು, ದೊಡ್ಡ ಮನೆಯಲ್ಲಿ ಇಬ್ಬರೇ ಇರುವ ಹಿರಿಯರು ಜಯನಗರ, ಬನಶಂಕರಿಯಲ್ಲಿ ಬೀದಿಗೆ ನಾಲ್ಕು ಮನೆ ಸಿಗುತ್ತಾರೆ. ಅಂಥವರನ್ನೇ ಹುಡುಕಿ "ಬ್ಯಾಂಕಿನಿಂದ ಮಾತಾಡ್ತಿದೀವಿ" ಎನ್ನುವ ಕಳ್ಳರೂ ಇದ್ದಾರೆ. ಯಾರೇ ಕೇಳಲಿ, ಓಟಿಪಿ ಹೇಳಬಾರದು; ಮೋಸ ಹೋದರೆ ನಾಚಿಕೆ ಪಡದೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ಈ ಸಂಖ್ಯೆಯನ್ನು ಪ್ರತಿ ಸದಸ್ಯರೂ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ.

ಆದ್ದರಿಂದ ಸಂಘದ ಆಡಳಿತ ಮಂಡಳಿಗೆ ಎರಡು ವಿನಂತಿ. ಒಂದು, ವಾರಕ್ಕೊಂದು ದಿನ ಎರಡು ಗಂಟೆಯಾದರೂ, ಊರಿನ ಓದಿದ ಹುಡುಗ ಹುಡುಗಿಯರು ಸಂಘದ ಕಚೇರಿಯಲ್ಲಿ ಕೂತು ಹಿರಿಯರಿಗೆ ಫೋನಿನ ಕೆಲಸ ಮಾಡಿಕೊಡಲಿ, ಕಲಿಯಬೇಕೆಂದವರಿಗೆ ತಾಳ್ಮೆಯಿಂದ ಕಲಿಸಲಿ. ಜೊತೆಗೆ, ಕಂಪ್ಯೂಟರ್ ಎಷ್ಟೇ ಬರಲಿ, ಸಹಿ ಮಾಡಿ ದುಡ್ಡು ಎಣಿಸಿಕೊಂಡು ಪಾಸ್‌ಬುಕ್ಕಿನಲ್ಲಿ ಬರೆಸಿಕೊಂಡು ಹೋಗುವ ಕೌಂಟರ್ ಒಂದನ್ನು ಉಳಿಸಿ. ಆ ಸಹಿಗೆ ಬೆಲೆ ಇರುವ ಜಾಗ ಊರಿನಲ್ಲಿ ಒಂದಾದರೂ ಇರಲಿ.

ಎರಡು, ಆ ಮಕ್ಕಳು ಬಂದಾಗ ಹಿರಿಯರು ಬರಿಗೈಯಲ್ಲಿ ಹೋಗಬಾರದು. ಈ ಕೆರೆಗೆ ಏನು ಹೆಸರಿತ್ತು, ಆ ಲೇಔಟು ಯಾರ ರಾಗಿ ಹೊಲ, ಬಸ್ ಸ್ಟಾಪಿಗೆ ಟಾಕೀಸಿನ ಹೆಸರು ಯಾಕೆ, ಟೆಂಟು ಎಲ್ಲಿ ಹಾಕುತ್ತಿದ್ದರು, ಇವನ್ನು ಹೇಳಬೇಕು, ಮಕ್ಕಳು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಸಂಘದ ಲೆಕ್ಕದ ಪುಸ್ತಕಕ್ಕೆ ವರ್ಷವರ್ಷ ಆಡಿಟ್ ಆಗುತ್ತದೆ. ಊರಿನ ನೆನಪಿಗೆ ಆಡಿಟ್ ಮಾಡುವವರು ಯಾರೂ ಇಲ್ಲ. ಒಬ್ಬೊಬ್ಬ ಹಿರಿಯರು ಹೋದಾಗಲೂ ಅದರ ಒಂದೊಂದು ಪುಟ ಹೋಗುತ್ತಿದೆ. ಕೊಟ್ಟು ತೆಗೆದುಕೊಳ್ಳುವುದೇ ಸಹಕಾರ. ಅವರು ಓಟಿಪಿ ಓದಿ ಹೇಳಲಿ, ನಾವು ಬಿಟಿಎಂ ಎಂದರೇನೆಂದು ಹೇಳೋಣ.

ಇಪ್ಪತ್ತೈದು ವರ್ಷ ಎಂದರೆ ಸಂಘಕ್ಕೆ ಹರೆಯ. ಇದನ್ನು ಕಟ್ಟಿದವರಲ್ಲಿ ಕೆಲವರು ಇವತ್ತು ನಮ್ಮೊಂದಿಗಿಲ್ಲ, ಅವರಿಗೆ ನಮಸ್ಕಾರ. ಇಂದು ಶಾಲೆಗೆ ಹೋಗುತ್ತಿರುವ ಮಕ್ಕಳು ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬರೆಯುತ್ತಾರೆ. ಅಷ್ಟು ಹೊತ್ತಿಗೆ ಯುಪಿಐ, ಓಟಿಪಿ, ಹಳದಿ ಮೆಟ್ರೊ ಎಲ್ಲವೂ "ಹಿಂದಿನ ಕಾಲ"ವಾಗಿರುತ್ತದೆ, ಅವರ ಮಕ್ಕಳು ಅವರನ್ನು ನೋಡಿ ನಗುತ್ತಾರೆ. ಆ ಲೇಖನಕ್ಕೆ ಬೇಕಾದ ಹೆಸರುಗಳು ನಾವು ಬರೆಸಿಟ್ಟ ಪುಸ್ತಕದಲ್ಲಿ ಅವರಿಗೆ ಸಿಗುವಂತಾಗಲಿ.